ನಮ್ಮ ಸೀಮೆಗೊಂದು ಇತಿಹಾಸ ಸಂಘ

ಇತಿಹಾಸವೆಂದೊಡನೆ ನಮ್ಮಲ್ಲಿ ಅನೇಕರ ಮನಸ್ಸು ದಿಲ್ಲಿಗೋ ಹಂಪೆಗೋ ಓಡುತ್ತದೆ. ಪರೀಕ್ಷೆಗಾಗಿ ಅರಸರ ಹೆಸರುಗಳನ್ನೂ ಯುದ್ಧಗಳ ಇಸವಿಗಳನ್ನೂ ಬಾಯಿಪಾಠ ಮಾಡಿ, ಪರೀಕ್ಷೆ ಮುಗಿದ ಮರುದಿನ ಅವನ್ನು ಮರೆತುಬಿಡುತ್ತೇವೆ. ನಮ್ಮ ಊರಿಗೂ ಇತಿಹಾಸಕ್ಕೂ ಏನಾದರೂ ಸಂಬಂಧವುಂಟೆ ಎಂಬ ಪ್ರಶ್ನೆ ನಮ್ಮನ್ನು ಕಾಡುವುದೇ ಇಲ್ಲ. ಆ ಪ್ರಶ್ನೆ ನನ್ನನ್ನು ಕಾಡತೊಡಗಿದ್ದು ಒಂದು ಸಣ್ಣ ಪ್ರಸಂಗದಿಂದ.

ನಾನು ಕುರಕುಂಟಾದವನು. ಚಿಕ್ಕವನಿದ್ದಾಗ ಮುತ್ಯಾನೊಡನೆ ಸಮೀಪದ ಹಳ್ಳಿಯೊಂದಕ್ಕೆ ಹೋಗಿದ್ದೆ. ಅಲ್ಲಿಯ ಕೆರೆಯ ದಂಡೆಯ ಮೇಲೆ ಎದೆಯೆತ್ತರದ ಕಲ್ಲೊಂದು ನಿಂತಿದ್ದಿತು. ಅದರ ತುಂಬ ಗುಂಡಗುಂಡನೆಯ ಅಕ್ಷರಗಳು.

"ಮುತ್ಯಾ, ಈ ಕಲ್ಲಿನ ಮ್ಯಾಲ ಏನ್ ಬರದಾರ?" ಎಂದು ಕೇಳಿದೆ.

"ಯಾರಿಗಿ ಗೊತ್ತಪ್ಪ? ನಮ್ಮ ಮುತ್ಯಾನ ಕಾಲದಾಗೂ ಅದು ಇಲ್ಲೇ ಇತ್ತು. ಓದಾವ್ರು ಯಾರೂ ಬರಲಿಲ್ಲ" ಎಂದ.

ಕಾಲೇಜು ಸೇರಿದ ಮೇಲೆ ಆ ಕಲ್ಲನ್ನು ನೋಡಬೇಕೆಂದು ಮತ್ತೆ ಹೋದೆ. ದಂಡೆಯನ್ನು ಅಗಲ ಮಾಡಿದ್ದರು, ಕಲ್ಲು ಇರಲಿಲ್ಲ. ಮಣ್ಣಿನೊಳಗೆ ಹೋಯಿತೋ, ಒಡೆದು ಗೋಡೆಗೆ ಹಾಕಿದರೋ, ಹೇಳುವವರಿಲ್ಲ. ಯಾರೂ ಬೇಕೆಂದು ಕೇಡು ಮಾಡಿದವರಲ್ಲ. ಓದುವವರು ಬರುವ ಮೊದಲೇ ಕಲ್ಲು ಹೋಯಿತು, ಅಷ್ಟೆ. ಆ ಕಲ್ಲಿಗೆ ಒಬ್ಬ ಕೇಳುವವನಿದ್ದಿದ್ದರೆ! ಅಂಥ ಕೇಳುವವರ ಕೂಟಕ್ಕೇ ಇತಿಹಾಸ ಸಂಘವೆಂದು ಹೆಸರು. ಅದರ ಸ್ವರೂಪವೇನು, ನಮ್ಮ ಸೀಮೆಗೆ ಅದರ ಅವಶ್ಯಕತೆಯೇನು, ಅದು ಕೈಕೊಳ್ಳಬೇಕಾದ ಕಾರ್ಯಕ್ರಮಗಳು ಯಾವುವು ಎಂಬುದನ್ನು ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶ.

ಹಿಂದಿನ ಸಂಘಗಳು

ಇಂಥ ಸಂಘಗಳು ಕನ್ನಡ ನಾಡಿಗೆ ಹೊಸವಲ್ಲ. ಬೆಂಗಳೂರಿನ ಮಿಥಿಕ್ ಸೊಸೈಟಿ 1909ರಲ್ಲಿ ಹುಟ್ಟಿತು. ಧಾರವಾಡದಲ್ಲಿ 1914ರಲ್ಲಿ ಕರ್ನಾಟಕ ಇತಿಹಾಸ ಸಂಶೋಧನ ಮಂಡಳ ಸ್ಥಾಪಿತವಾಯಿತು. ಅದಕ್ಕಾಗಿ ದುಡಿದ ಆಲೂರ ವೆಂಕಟರಾಯರು 1917ರಲ್ಲಿ "ಕರ್ನಾಟಕ ಗತವೈಭವ"ವನ್ನು ಪ್ರಕಟಿಸಿ, ಹಲವು ಆಡಳಿತಗಳಲ್ಲಿ ಹಂಚಿಹೋಗಿದ್ದ ಕನ್ನಡಿಗರಿಗೆ ತಾವೆಲ್ಲ ಒಂದೇ ನಾಡಿನವರೆಂಬ ಅರಿವನ್ನು ತಂದುಕೊಟ್ಟರು. ಕರ್ನಾಟಕ ಏಕೀಕರಣಕ್ಕೆ ಇತಿಹಾಸದ ಅಧ್ಯಯನವೂ ಒಂದು ಮೆಟ್ಟಿಲಾಯಿತೆಂಬುದನ್ನು ಮರೆಯಲಾಗದು. ಇತ್ತೀಚಿನ ಕಾಲದಲ್ಲಿ ಕರ್ನಾಟಕ ಇತಿಹಾಸ ಅಕಾಡೆಮಿ ವಾರ್ಷಿಕ ಸಮ್ಮೇಳನಗಳನ್ನು ನಡೆಸುತ್ತ, ಅಲ್ಲಿ ಓದಿದ ಪ್ರಬಂಧಗಳನ್ನು "ಇತಿಹಾಸ ದರ್ಶನ"ವೆಂಬ ಸಂಪುಟಗಳಲ್ಲಿ ಅಚ್ಚು ಮಾಡುತ್ತ ಬಂದಿದೆ.

ನಮ್ಮ ಭಾಗವು 1948ರವರೆಗೆ ಹೈದರಾಬಾದು ಸಂಸ್ಥಾನದಲ್ಲಿದ್ದಿತು. ಆ ಸಂಸ್ಥಾನದ ಪುರಾತತ್ತ್ವ ಇಲಾಖೆ 1914ರಲ್ಲಿ ಆರಂಭವಾಗಿ, ಗುಲಾಂ ಯಜದಾನಿಯವರ ನೇತೃತ್ವದಲ್ಲಿ ಕೆಲಸ ಮಾಡಿತು. ಚಿತ್ತಾಪುರದ ಮಗ್ಗುಲಿನ ನಾಗಾವಿಯ ಶಾಸನಗಳು 1928ರಲ್ಲಿ ಪುಸ್ತಕರೂಪದಲ್ಲಿ ಹೊರಬಂದುದು ಈ ಇಲಾಖೆಯಿಂದಲೇ. ಅನಂತರ ಪಿ. ಬಿ. ದೇಸಾಯಿಯವರು ನಮ್ಮ ಜಿಲ್ಲೆಗಳ ಕನ್ನಡ ಶಾಸನಗಳನ್ನು ಸಂಪಾದಿಸಿದರು. ಆ ಸಂಪುಟ 1958ರಲ್ಲಿ ಪ್ರಕಟವಾಯಿತು. ಇವರು ಕಾಪಾಡಿದ ಪಾಠಗಳಿಲ್ಲದಿದ್ದರೆ ನಮ್ಮ ಸೀಮೆಯ ಅರ್ಧ ಕಥೆ ಇಂದು ಕತ್ತಲೆಯಲ್ಲಿರುತ್ತಿದ್ದಿತು.

ನಮ್ಮ ಸೀಮೆಯಲ್ಲಿ ಏನುಂಟು?

ವಾಡಿಯಿಂದ ಸಿಕಂದರಾಬಾದಿಗೆ 1874ರಲ್ಲಿ ಆದ ರೈಲುದಾರಿಯನ್ನು ಹಿಡಿದು ಬನ್ನಿರಿ. ಚಿತ್ತಾಪುರ, ಮಳಖೇಡ ರೋಡ್, ಸೇಡಂ, ಕುರಕುಂಟಾ ಎಂದು ನಿಲ್ದಾಣಗಳು ಬರುತ್ತವೆ. ಈ ಸಣ್ಣ ಹಾದಿಯ ಆಚೀಚೆ ಎರಡು ಸಾವಿರ ವರ್ಷಗಳ ಇತಿಹಾಸ ಬಿದ್ದಿದೆ.

ಕಾಗಿಣಾ ತೀರದ ಮಳಖೇಡವೇ ರಾಷ್ಟ್ರಕೂಟರ ಮಾನ್ಯಖೇಟ. ಒಂಬತ್ತನೆಯ ಶತಮಾನದಲ್ಲಿ ಅಮೋಘವರ್ಷ ನೃಪತುಂಗನು ಇಲ್ಲಿಂದ ಆಳಿದನು; ಕನ್ನಡದಲ್ಲಿ ನಮಗೆ ದೊರೆತಿರುವ ಮೊದಲ ಗ್ರಂಥವಾದ "ಕವಿರಾಜಮಾರ್ಗ" ಅವನ ಆಸ್ಥಾನದಲ್ಲಿ ಹುಟ್ಟಿತು. 972ರಲ್ಲಿ ಮಾಳವದ ಪರಮಾರ ಸೀಯಕನು ಈ ಪಟ್ಟಣವನ್ನು ಸೂರೆಗೊಂಡನು. ಇಂದು ಅಲ್ಲಿ ಕೋಟೆಯ ಅವಶೇಷಗಳೂ, ನೇಮಿನಾಥ ಬಸದಿಯೂ, ಮಾಧ್ವರು ಪೂಜಿಸುವ ಟೀಕಾಚಾರ್ಯ ಜಯತೀರ್ಥರ ಬೃಂದಾವನವೂ ಇವೆ.

ನಾಗಾವಿಯ ಸಂಗತಿ ವಿದ್ಯಾರ್ಥಿಗಳಾದ ನಮಗೆ ಇನ್ನೂ ಹತ್ತಿರದ್ದು. ಅಲ್ಲಿ ಕಲ್ಯಾಣ ಚಾಲುಕ್ಯರ ಕಾಲದಲ್ಲಿ ಘಟಿಕಾಸ್ಥಾನವಿದ್ದಿತು. ಎಂದರೆ ಇಂದಿನ ಕಾಲೇಜಿನಂಥ ವಿದ್ಯಾಕೇಂದ್ರ. 1058ರ ಶಾಸನವು ಅಲ್ಲಿಯ ಗುರುಗಳಿಗೂ ಶಿಷ್ಯರಿಗೂ ಮಾಡಿದ ಏರ್ಪಾಟನ್ನು ಹೇಳುವುದರ ಜೊತೆಗೆ, ಆರು ಜನ ಸರಸ್ವತೀ ಭಾಂಡಾರಿಕರನ್ನು ಹೆಸರಿಸುತ್ತದೆ. ಸರಸ್ವತೀ ಭಾಂಡಾರಿಕನೆಂದರೆ ಗ್ರಂಥಭಂಡಾರವನ್ನು ಕಾಯುವವನು. ಪುಸ್ತಕ ಕಾಯುವುದಕ್ಕೆಂದೇ ಆರು ಜನ! ಸಾವಿರ ವರ್ಷಗಳ ಹಿಂದೆ ನಮ್ಮ ನೆಲದಲ್ಲಿ ಓದಿಗಿದ್ದ ಬೆಲೆ ಎಷ್ಟೆಂದು ಇದೊಂದು ಮಾತಿನಿಂದಲೇ ಊಹಿಸಬಹುದು. ನಾಗಾವಿಗೆ ಜಾತ್ರೆಗೆಂದು ಹೋಗುವ ನಾವು ಅರವತ್ತು ಕಂಬದ ಗುಡಿಯ ನೆರಳಿನಲ್ಲಿ ಬುತ್ತಿ ಬಿಚ್ಚುವಾಗ ಈ ಆರು ಜನರನ್ನು ನೆನೆಯಬಾರದೆ?

ಸನ್ನತಿಯ ಪಾಠ

ಕೇಳುವವರಿಲ್ಲದಿದ್ದರೆ ಏನಾಗುತ್ತದೆ, ಇದ್ದರೆ ಏನಾಗುತ್ತದೆ ಎಂಬೆರಡನ್ನೂ ಭೀಮಾ ತೀರದ ಸನ್ನತಿ ತೋರಿಸಿಕೊಟ್ಟಿದೆ. ಅಲ್ಲಿಯ ಚಂದ್ರಲಾಂಬಾ ದೇವಾಲಯದ ಆವರಣದಲ್ಲಿ ಕಾಳಿಕಾದೇವಿಯ ಗುಡಿಯ ಮಾಳಿಗೆ ಕುಸಿದು, ದೇವಿಯ ಪೀಠವಾಗಿದ್ದ ಕಲ್ಲುಚಪ್ಪಡಿ ಹೊರಬಿದ್ದಿತು. ಅದರ ಎರಡೂ ಬದಿಗೆ ಬ್ರಾಹ್ಮೀ ಅಕ್ಷರಗಳು! 1989ರಲ್ಲಿ ಅವು ಅಶೋಕ ಚಕ್ರವರ್ತಿಯ ಶಾಸನಗಳೆಂದು ಬೆಳಕಿಗೆ ಬಂದಿತು. ವಿಗ್ರಹವನ್ನು ನಿಲ್ಲಿಸಲು ಚಪ್ಪಡಿಯ ನಡುವೆ ಕೊರೆದ ರಂಧ್ರದಿಂದ ಎಷ್ಟೋ ಅಕ್ಷರಗಳು ನಾಶವಾಗಿವೆ. ಉಳಿದುದರಲ್ಲಿ ಕಳಿಂಗದ ಧೌಲಿ, ಜೌಗಡಗಳಲ್ಲಿರುವ ಪ್ರತ್ಯೇಕ ಶಾಸನಗಳೂ ಇವೆ. ಪರಮತವನ್ನು ಗೌರವಿಸಬೇಕೆಂದು ಬೋಧಿಸುವ ಹನ್ನೆರಡನೆಯ ಶಾಸನದ ಭಾಗವೂ ಇದೆ. ಮುಂದೆ ಸಮೀಪದ ಕನಗನಹಳ್ಳಿಯ ಉತ್ಖನನದಲ್ಲಿ ದೊಡ್ಡ ಬೌದ್ಧ ಸ್ತೂಪವೂ, "ರಾಯೋ ಅಸೋಕೋ" ಎಂಬ ಬರಹವುಳ್ಳ ಅಶೋಕನ ಶಿಲ್ಪವೂ ದೊರೆತುವು.

ಇಲ್ಲಿ ಎರಡು ಸಂಗತಿಗಳನ್ನು ಗಮನಿಸಬೇಕು. ಮೊದಲನೆಯದು: ಚಪ್ಪಡಿಗೆ ರಂಧ್ರ ಕೊರೆದವನು ದ್ರೋಹಿಯಲ್ಲ, ಭಕ್ತ, ಅವನ ಕಾಲಕ್ಕೆ ಆ ಲಿಪಿಯನ್ನು ಓದುವವರು ಇರಲಿಲ್ಲ. ಎರಡನೆಯದು: ಮಾಳಿಗೆ ಬಿದ್ದಾಗ ಆ ಕಲ್ಲನ್ನು ಹೊರಗೆಸೆಯದೆ, ಅದರ ಮೇಲೆ ಅಕ್ಷರಗಳಿವೆಯೆಂದು ಗುರುತಿಸಿದ ಕಣ್ಣುಗಳಿದ್ದುವು. 1915ರಲ್ಲಿ ಅಶೋಕನ ಹೆಸರನ್ನೇ ಹೇಳುವ ಮಸ್ಕಿಯ ಶಾಸನವನ್ನು ಕಂಡುಹಿಡಿದವನೂ ಶಾಸನತಜ್ಞನಲ್ಲ; ಚಿನ್ನದ ಗಣಿಯ ಇಂಜಿನಿಯರ್ ಬೀಡನ್. ಓದುವುದು ವಿದ್ವಾಂಸರ ಕೆಲಸವಾದರೂ, ಮೊದಲು ಕಾಣುವ ಕೆಲಸವನ್ನು ಯಾರೂ ಮಾಡಬಹುದು. ಸಂಘವು ಊರೂರಿನಲ್ಲಿ ಅಂಥ ಕಣ್ಣುಗಳನ್ನು ತಯಾರು ಮಾಡಬೇಕು.

ಮುಂದಿನ ವರ್ಷದ ಕಾರ್ಯಕ್ರಮ

ನಮ್ಮ ಕಾಲೇಜಿನಲ್ಲಿಯೇ ಅಂಥ ಸಂಘವೊಂದನ್ನು ಕಟ್ಟಿದರೆ ಅದರ ವರ್ಷ ಹೇಗಿರಬಹುದು? ಒಂದು ಸಲಹೆಯನ್ನು ಅಧ್ಯಾಪಕರ ಹಾಗೂ ಸಹಪಾಠಿಗಳ ವಿಚಾರಕ್ಕೆ ಇಲ್ಲಿ ಇಡುತ್ತೇನೆ.

ಮಳೆಗಾಲದಲ್ಲಿ ನಮ್ಮ ಕರಿ ಎರೆಯ ಹೊಲಗಳಲ್ಲಿ ಕಾಲಿಡುವಂತಿಲ್ಲ. ಆದುದರಿಂದ ಆ ತಿಂಗಳುಗಳನ್ನು ಓದಿಗೆ ಇಟ್ಟುಕೊಳ್ಳೋಣ. ಹದಿನೈದು ದಿನಕ್ಕೊಮ್ಮೆ ಸೇರಿ, ಅಚ್ಚಾದ ನಮ್ಮ ಸೀಮೆಯ ಶಾಸನವೊಂದನ್ನು ಸಾಲುಸಾಲಾಗಿ ಓದುವುದು. ಹಳಗನ್ನಡ ಲಿಪಿಯ ಪರಿಚಯ ಮಾಡಿಕೊಳ್ಳುವುದು. ನಿಜಾಮರ ಕಾಲದ ಕಂದಾಯದ ಕಾಗದಗಳು ಉರ್ದುವಿನಲ್ಲಿವೆ. ನಮ್ಮ ತರಗತಿಯಲ್ಲಿ ಮನೆಯಲ್ಲಿ ಉರ್ದು ಓದುವ ಗೆಳೆಯರಿದ್ದಾರೆ. ಗಡಿಯಾಚೆಯ ತೆಲುಗು ಬಲ್ಲವರಿದ್ದಾರೆ. ತಾಂಡಾಗಳಿಂದ ಬರುವ ಲಂಬಾಣಿ ಗೆಳೆಯರಿದ್ದಾರೆ. ಬೇರೆ ಕಡೆ ಹಣ ಕೊಟ್ಟರೂ ಸಿಗದ ಈ ಸಂಪತ್ತು ನಮ್ಮ ಬೆಂಚುಗಳ ಮೇಲೆಯೇ ಕುಳಿತಿದೆ.

ಸೆಪ್ಟೆಂಬರ್ 17ರಂದು ಧ್ವಜವಂದನೆ ಮುಗಿಸಿ ಮನೆಗೆ ಹೋಗುವುದರ ಬದಲು, ಹಿರಿಯರ ಬಳಿಗೆ ಹೋಗೋಣ. 1948ರಲ್ಲಿ ಹತ್ತು ವರ್ಷದವರಾಗಿದ್ದವರು ಇಂದು 85ನ್ನು ದಾಟಿದ್ದಾರೆ. ರಜಾಕಾರರ ಕಾಲದಲ್ಲಿ ಯಾರು ಎಲ್ಲಿಗೆ ಓಡಿದರು, ಯಾರು ಯಾರಿಗೆ ಆಶ್ರಯ ಕೊಟ್ಟರು, ಅನಂತರದ ದಿನಗಳಲ್ಲಿ ಯಾರು ನೊಂದರು ಎಂಬುದೆಲ್ಲ ಅವರ ನೆನಪಿನಲ್ಲಿದೆ. ಹಿಂದೂ ಮುಸ್ಲಿಮರೆನ್ನದೆ ಎಲ್ಲರ ಮಾತನ್ನೂ ಬರೆದುಕೊಳ್ಳಬೇಕು. ಕೆರೆಯ ಕಲ್ಲಾದರೂ ಕೆಲವು ವರ್ಷ ಕಾದೀತು. ಈ ಹಿರಿಯರು ಕಾಯಲಾರರು.

ನವೆಂಬರ್ 19ರಿಂದ 25ರವರೆಗೆ ವಿಶ್ವ ಪರಂಪರೆ ಸಪ್ತಾಹ. ಆಗ ನೆಲ ಒಣಗಿರುತ್ತದೆ. ಮಳಖೇಡ, ನಾಗಾವಿ, ಸನ್ನತಿಗಳ ಸಂಚಾರಕ್ಕೆ ಇದೇ ತಕ್ಕ ಕಾಲ. ಶಾಸನದ ಪಡಿಯಚ್ಚು ತೆಗೆಯುವ ಪಾಠವನ್ನೂ ಆಗ ಏರ್ಪಡಿಸಬಹುದು. ಕಲ್ಲನ್ನು ನೀರಿನಿಂದ ತೊಳೆದು, ಒದ್ದೆ ಕಾಗದವನ್ನು ಹೊದಿಸಿ, ಕಾಗದವು ಅಕ್ಷರಗಳ ತಗ್ಗಿಗೆ ಇಳಿಯುವಂತೆ ಬ್ರಷ್ಷಿನಿಂದ ಬಡಿಯುತ್ತಾರೆ. ಸ್ವಲ್ಪ ಆರಿದ ಮೇಲೆ ಬಟ್ಟೆಯ ಗಂಟಿನಿಂದ ಮಸಿ ಒತ್ತಿದರೆ ಹಿನ್ನೆಲೆ ಕಪ್ಪಾಗಿ, ಅಕ್ಷರ ಬಿಳಿಯಾಗಿ ಮೂಡುತ್ತದೆ. ಆದರೆ ಇದನ್ನು ಬಲ್ಲವರ ಕೈಕೆಳಗೆ, ಅನುಮತಿ ಪಡೆದೇ ಮಾಡತಕ್ಕದ್ದು. ಸುಣ್ಣ ಬಳಿಯುವುದು, ಮೊಳೆಯಿಂದ ಅಕ್ಷರ ಕೆರೆಯುವುದು, ನಿಧಿಯ ಆಸೆಗೆ ಅಗೆಯುವುದು ಇವೆಲ್ಲ ಕಲ್ಲಿನ ಕೊಲೆಗಳೇ ಸರಿ.

ಬೇಸಗೆಯಲ್ಲಿ ದುಡಿಮೆಯ ಇತಿಹಾಸಕ್ಕೆ ಕೈಹಾಕೋಣ. ಶಹಾಬಾದದ ಪರಸಿ ಕಲ್ಲು ನಮ್ಮೆಲ್ಲರ ಮನೆಯ ನೆಲವಾಗಿದೆ. ಅದನ್ನು ಎಬ್ಬಿಸಿದವರ ಕಥೆಯನ್ನು ಬರೆದವರೆಷ್ಟು ಜನ? ವಾಡಿ, ಮಳಖೇಡ, ಸೇಡಂಗಳಲ್ಲಿ ಸಿಮೆಂಟು ಕಾರ್ಖಾನೆಗಳು ನಡೆಯುತ್ತಿವೆ. ನಮ್ಮ ಕುರಕುಂಟಾದ ಕಾರ್ಖಾನೆ ನಿಂತು ಬಹಳ ವರ್ಷಗಳಾದುವು. ಅದರ ಭೋಂಗಾ ಕೇಳಿ ಗಡಿಯಾರ ಸರಿಮಾಡಿಕೊಳ್ಳುತ್ತಿದ್ದವರು ಇನ್ನೂ ನಮ್ಮ ಕಟ್ಟೆಗಳ ಮೇಲೆ ಕುಳಿತಿದ್ದಾರೆ. ನೃಪತುಂಗನ ಹೆಸರು ಹೇಗೂ ಉಳಿದಿದೆ; ಇವರ ಹೆಸರು ಉಳಿಯುವುದು ನಾವು ಬರೆದರೆ ಮಾತ್ರ.

ಸಂಘಜೀವನದ ನಿಯಮ

ಕಾರ್ಯಕ್ರಮಗಳ ಪಟ್ಟಿಯಿಂದಲೇ ಸಂಘ ಬದುಕುವುದಿಲ್ಲ. ವಿದ್ಯಾರ್ಥಿ, ನಿವೃತ್ತ ಶಿಕ್ಷಕ, ರೈತ, ಗುಡಿಯ ಪೂಜಾರಿ, ದರ್ಗಾದ ಮುಜಾವರ ಒಂದೇ ಜಮಖಾನೆಯ ಮೇಲೆ ಕುಳಿತು, ಚಹಾ ಕುಡಿಯುತ್ತ, ಒಬ್ಬರ ಮಾತನ್ನೊಬ್ಬರು ಕೇಳಬೇಕು. ಹೆಣ್ಣುಮಕ್ಕಳೂ ಸದಸ್ಯರಾಗಬೇಕು. ಬೀಸುಕಲ್ಲಿನ ಪದಗಳಲ್ಲಿರುವ ಊರಿನ ಕಥೆ ಅವರಿಗಲ್ಲದೆ ನಮಗೆ ದೊರೆಯದು.

ಭಿನ್ನಾಭಿಪ್ರಾಯ ಬಂದಾಗ ಆಧಾರವೇ ತೀರ್ಪು ಹೇಳಬೇಕು, ಅಭಿಮಾನವಲ್ಲ. "ಕವಿರಾಜಮಾರ್ಗ" ನೃಪತುಂಗನದೇ ಎಂದು ಬಹುಕಾಲ ನಂಬಿದ್ದರು. ಗ್ರಂಥವನ್ನೇ ಶೋಧಿಸಿ ನೋಡಿದ ವಿದ್ವಾಂಸರು ಶ್ರೀವಿಜಯನ ಹೆಸರನ್ನು ಮುಂದಿಟ್ಟರು. ಅದರಿಂದ ಮಳಖೇಡದ ಹಿರಿಮೆ ಎಳ್ಳಷ್ಟೂ ಕುಂದಲಿಲ್ಲ. ನಮ್ಮ ಊರೇ ದೊಡ್ಡದು, ನಮ್ಮ ಜಾತಿಯೇ ಹಳೆಯದು ಎಂದು ಸಾಧಿಸಲು ಹೊರಟ ಸಂಘ ಇತಿಹಾಸ ಸಂಘವಾಗಿ ಉಳಿಯದು. ಬೌದ್ಧ ಸ್ತೂಪ, ಜೈನ ಬಸದಿ, ಶಿವಾಲಯ, ಮಾಧ್ವ ಬೃಂದಾವನ, ದರ್ಗಾಗಳೆಲ್ಲ ಇರುವ ಈ ನೆಲದಲ್ಲಂತೂ ಅಂಥ ಹಟ ಶೋಭಿಸುವುದಿಲ್ಲ.

ಕೊನೆಯ ಮಾತು

ಇದಕ್ಕೆಲ್ಲ ಹಣವೆಲ್ಲಿ ಎಂದು ಕೆಲವರು ಕೇಳಬಹುದು. ಮೊದಲ ಹೆಜ್ಜೆಗೆ ಹಣ ಬೇಕಿಲ್ಲ. ಈ ರಜೆಯಲ್ಲಿ ಊರಿಗೆ ಹೋದ ಪ್ರತಿಯೊಬ್ಬನೂ ಪ್ರತಿಯೊಬ್ಬಳೂ ತನ್ನ ಊರಿನ ಹಳೆಯ ಕಲ್ಲು, ಬಾವಿ, ಗುಡಿ, ದರ್ಗಾಗಳನ್ನು ಒಂದು ಹಾಳೆಯ ಮೇಲೆ ಗುರುತಿಸಿ, ಕೈಯಲ್ಲಿರುವ ಮೊಬೈಲಿನಿಂದ ಛಾಯಾಚಿತ್ರ ತೆಗೆದು ತರಲಿ. ಅವನ್ನೆಲ್ಲ ಒಂದು ದಫ್ತರದಲ್ಲಿ ಕೂಡಿಸಿಟ್ಟರೆ ಸಂಘದ ಮೊದಲ ಆಸ್ತಿಯಾಯಿತು.

ನಾಗಾವಿಯಲ್ಲಿ ಸರಸ್ವತಿಯ ಭಂಡಾರ ಕಾಯಲು ಆರು ಜನರಿದ್ದರು. ನಮ್ಮ ಕಾಲೇಜಿನಲ್ಲಿ ಆರು ಜನ ಸಿಗಲಾರರೆ? ಸಿಕ್ಕರೆ ನಾನು ಏಳನೆಯವನಾಗಿ ಬರಲು ಸಿದ್ಧ. ಮುತ್ಯಾ ಹೇಳಿದಂತೆ ಓದುವವರ ದಾರಿ ಕಾಯುತ್ತ ನಿಂತ ಕಲ್ಲುಗಳು ನಮ್ಮ ಸೀಮೆಯಲ್ಲಿ ಇನ್ನೂ ಎಷ್ಟೋ ಇವೆ. ಅವು ಮಣ್ಣಾಗುವ ಮೊದಲು ನಾವು ಹೋಗೋಣ.