ಹೊಟ್ಟೆ ಕಟ್ಟಿದಾಗ ಔಷಧಿ ಏನು ಮಾಡುತ್ತದೆ?

ಮಕ್ಕಳೇ, ಹುಬ್ಬಳ್ಳಿ-ಧಾರವಾಡದ ಸುತ್ತಲಿನ ಹೊಲದ ಬದುಗಳಲ್ಲಿ ಔಡಲ ಗಿಡವನ್ನು ನೀವು ನೋಡಿರಬಹುದು. ಹಿಂದೆ ಅಜ್ಜಿಯಂದಿರು ಹೊಟ್ಟೆ ಸ್ವಚ್ಛವಾಗಲೆಂದು ಮಕ್ಕಳನ್ನು ಹಿಡಿದು ಔಡಲೆಣ್ಣೆ ಕುಡಿಸುತ್ತಿದ್ದರು. ಮಧ್ಯಾಹ್ನದೊಳಗೆ ನಾಲ್ಕಾರು ಸಲ ಬಯಲಿಗೆ ಓಡಬೇಕಾಗುತ್ತಿತ್ತು! ಈ ಎಣ್ಣೆ ಹೊಟ್ಟೆಯೊಳಗೆ ಏನು ಮಾಡುತ್ತದೆ?

ಮಲ ಗಟ್ಟಿಯಾಗುವುದೇಕೆ?
ಸಣ್ಣ ಕರುಳಿನಲ್ಲಿ ಜೀರ್ಣವಾಗದೆ ಉಳಿದದ್ದು ಸುಮಾರು 1.5 ಮೀಟರ್ ಉದ್ದದ ದೊಡ್ಡ ಕರುಳಿಗೆ ಬರುತ್ತದೆ. ದೊಡ್ಡ ಕರುಳು ಅದರಲ್ಲಿನ ನೀರನ್ನು ಹೀರಿಕೊಳ್ಳುತ್ತದೆ. ಅಲ್ಲಿ ಹೆಚ್ಚು ಹೊತ್ತು ನಿಂತಷ್ಟೂ ಮಲ ಒಣಗಿ ಗಟ್ಟಿಯಾಗುತ್ತದೆ. ಇದೇ ಮಲಬದ್ಧತೆ. ಇದಕ್ಕೆ ಕೊಡುವ ಭೇದಿ ಔಷಧಿಗಳಲ್ಲಿ ಮುಖ್ಯವಾಗಿ ಮೂರು ಬಗೆಗಳಿವೆ.

1. ಉಬ್ಬುವ ಔಷಧಿ: ಇಸಬಗೋಲ್ ಹೊಟ್ಟು ನೀರು ಹಿಡಿದು ಉಬ್ಬುತ್ತದೆ. ಮಲ ಮೆತ್ತಗಾಗಿ ಮುಂದೆ ಸಾಗುತ್ತದೆ. ಸಾಕಷ್ಟು ನೀರು ಕುಡಿಯದಿದ್ದರೆ ಅದೇ ಗಂಟಲಲ್ಲೋ ಕರುಳಲ್ಲೋ ಸಿಕ್ಕಿಕೊಳ್ಳಬಹುದು. ಹೊಟ್ಟೆ ಉಬ್ಬರವೂ ಆಗಬಹುದು.

2. ನೀರು ಸೆಳೆಯುವ ಔಷಧಿ: ಮೆಗ್ನೀಷಿಯಂ ಹೈಡ್ರಾಕ್ಸೈಡ್, ಲ್ಯಾಕ್ಟುಲೋಸ್ ಮುಂತಾದವು ಕರುಳಿನೊಳಗೆ ನೀರನ್ನು ಸೆಳೆದು ಹಿಡಿದಿಡುತ್ತವೆ. ಹೆಚ್ಚಾದರೆ ಭೇದಿಯಾಗಿ ದೇಹದ ನೀರು ಕಡಿಮೆಯಾಗುತ್ತದೆ. ಮೂತ್ರಪಿಂಡದ ತೊಂದರೆ ಇರುವವರಿಗೆ ಮೆಗ್ನೀಷಿಯಂ ಅಪಾಯಕಾರಿ.

3. ಕರುಳನ್ನು ಕೆರಳಿಸುವ ಔಷಧಿ: ಔಡಲೆಣ್ಣೆ ಸಣ್ಣ ಕರುಳಿನಲ್ಲಿ ಒಡೆದು ರಿಸಿನೋಲಿಕ್ ಆಮ್ಲ ಬಿಡುಗಡೆಯಾಗುತ್ತದೆ. ಅದು ಕರುಳಿನ ಸ್ನಾಯುಗಳು ಜೋರಾಗಿ ಹಿಂಡುವಂತೆ ಮಾಡುತ್ತದೆ. ಸೋನಾಮುಖಿ ಎಲೆ ದೊಡ್ಡ ಕರುಳಿನಲ್ಲಿ ಇಂಥದೇ ಕೆಲಸ ಮಾಡುತ್ತದೆ. ಹೊಟ್ಟೆ ನುಲಿಯುವುದು ಇದರಿಂದಲೇ.

ಎಚ್ಚರಿಕೆ!
ಭೇದಿ ಔಷಧಿಯನ್ನು ಪದೇ ಪದೇ ತೆಗೆದುಕೊಂಡರೆ ನೀರಿನ ಜೊತೆ ಪೊಟ್ಯಾಸಿಯಂನಂಥ ಲವಣಗಳೂ ಹೊರಹೋಗುತ್ತವೆ. ಇದರಿಂದ ಸುಸ್ತಾಗುತ್ತದೆ, ಹೃದಯದ ಬಡಿತವೂ ಏರುಪೇರಾಗಬಹುದು. ಜೋರು ಹೊಟ್ಟೆನೋವು, ವಾಂತಿ, ಜ್ವರ ಇದ್ದಾಗ ಇವನ್ನು ತೆಗೆದುಕೊಳ್ಳಲೇಬಾರದು. ಅದು ಕರುಳುಬಾಲದ ಉರಿಯೂತ ಇರಬಹುದು. ಕೂಡಲೇ ವೈದ್ಯರ ಬಳಿ ಹೋಗಬೇಕು. ಔಡಲ ಬೀಜವನ್ನಂತೂ ಬಾಯಿಗೆ ಹಾಕಬೇಡಿ. ಅದರಲ್ಲಿ ರೈಸಿನ್ ಎಂಬ ಘೋರ ವಿಷವಿದೆ. ಎಣ್ಣೆ ತೆಗೆದಾಗ ಈ ವಿಷ ಹಿಂಡಿಯಲ್ಲಿ ಉಳಿಯುತ್ತದೆ.

ಮಾಡಿ ನೋಡಿ
ಒಂದು ಲೋಟ ನೀರಿಗೆ ಒಂದು ಚಮಚ ಇಸಬಗೋಲ್ ಹಾಕಿ ಕಲಕಿರಿ. 15 ನಿಮಿಷ ಬಿಟ್ಟು ನೋಡಿ. ನೀರು ಎಲ್ಲಿ ಹೋಯಿತು? (ಕುಡಿಯಬೇಡಿ.)

ಔಷಧಿ ಇಲ್ಲದೆಯೇ ಹೆಚ್ಚಿನವರಿಗೆ ಹೊಟ್ಟೆ ಸರಿಯಾಗುತ್ತದೆ. ಜೋಳದ ರೊಟ್ಟಿ, ಕಾಳುಪಲ್ಯ, ಸೊಪ್ಪು, ಪೇರಲಹಣ್ಣು ತಿನ್ನಿ. ನೀರು ಕುಡಿಯಿರಿ, ಆಟ ಆಡಿರಿ. ತರಗತಿಯಲ್ಲಿ ಒತ್ತಡ ಬಂದರೆ ಸಂಜೆಯವರೆಗೆ ತಡೆದುಕೊಳ್ಳಬೇಡಿ. ಗುರುಗಳಿಗೆ ಹೇಳಿ ಶೌಚಾಲಯಕ್ಕೆ ಹೋಗಿ. ಇದರಲ್ಲಿ ನಾಚಿಕೆ ಏನೂ ಇಲ್ಲ.

ಉತ್ತರಿಸಿ
1. ಇಸಬಗೋಲ್ ತೆಗೆದುಕೊಂಡಾಗ ಹೆಚ್ಚು ನೀರು ಏಕೆ ಕುಡಿಯಬೇಕು?
2. ಔಡಲೆಣ್ಣೆ ಕುಡಿದರೆ ಹೊಟ್ಟೆ ನುಲಿಯುವುದೇಕೆ?