ಕೊರಿಯಾದ ಸಂಧಾನ

ಸಂಧಾನವೆಂಬ ಮಾತನ್ನು ಕೇಳಿದೊಡನೆ ಕನ್ನಡಿಗರಿಗೆ ನೆನಪಾಗುವುದು ಕೃಷ್ಣಸಂಧಾನ. ಐದು ಊರುಗಳನ್ನಾದರೂ ಕೊಡಿರೆಂದು ಕೇಳಲು ಹಸ್ತಿನಾವತಿಗೆ ಹೋದ ಕೃಷ್ಣನು ಬರಿಗೈಯಲ್ಲಿ ಹಿಂದಿರುಗಿದನು. ಯುದ್ಧ ನಡೆದೇ ನಡೆಯಿತು. ಆ ಪ್ರಸಂಗವನ್ನು ತಾಳಮದ್ದಳೆಯಲ್ಲಿ ಕೇಳಿದವರಿಗೆ ಸಂಧಾನವೆಂದರೆ ಮಾತಿನ ಚಾತುರ್ಯವೇ ಸರಿ ಎಂಬ ಭಾವನೆ ಬರುವುದು ಸಹಜ. ಆದರೆ ನಮ್ಮ ಕಾಲದ ಸಂಧಾನಗಳಲ್ಲಿ ಮಾತಿಗಿಂತ ಹೆಚ್ಚಾಗಿ ಡೇರೆ, ಬೇಲಿ, ದಿನಗಳ ಲೆಕ್ಕ ಇಂತಹ ಸಣ್ಣ ಸಂಗತಿಗಳೇ ಶಾಂತಿಯನ್ನು ಹೊತ್ತು ನಿಂತಿರುತ್ತವೆ. ಇದಕ್ಕೆ ಕೊರಿಯಾದ ಯುದ್ಧಕೈದಿಗಳ ಪ್ರಕರಣಕ್ಕಿಂತ ಒಳ್ಳೆಯ ಉದಾಹರಣೆ ಸಿಕ್ಕುವುದು ಕಷ್ಟ. ಅದರಲ್ಲಿ ಮುಖ್ಯ ಪಾತ್ರ ವಹಿಸಿದವರಲ್ಲೊಬ್ಬರು ಕೊಡಗಿನವರೆಂಬುದು ನಮಗೆ ವಿಶೇಷ.

1945ರಲ್ಲಿ ರಚಿತವಾದ ವಿಶ್ವಸಂಸ್ಥೆಯ ಸನ್ನದಿನ 33ನೆಯ ವಿಧಿಯು ವಿವಾದಗಳ ಪರಿಹಾರಕ್ಕೆ ಕೆಲವು ಮಾರ್ಗಗಳನ್ನು ಹೇಳುತ್ತದೆ: ಮಾತುಕತೆ, ವಿಚಾರಣೆ, ಮಧ್ಯಸ್ಥಿಕೆ, ರಾಜಿ, ಪಂಚರ ತೀರ್ಪು, ನ್ಯಾಯಾಲಯದ ತೀರ್ಪು ಮುಂತಾದವು. ನಮ್ಮ ಹಳ್ಳಿಯ ಪಂಚಾಯಿತಿಕಟ್ಟೆಗೆ ಇವುಗಳಲ್ಲಿ ಯಾವುದೂ ಹೊಸತಲ್ಲ. ಕಷ್ಟವಿರುವುದು ಮಾರ್ಗದ ಹೆಸರಿನಲ್ಲಲ್ಲ, ಎರಡೂ ಕಡೆಯವರು ಒಪ್ಪುವ ಮೂರನೆಯವನು ದೊರೆಯುವುದರಲ್ಲಿ.

ಕೊರಿಯಾ ಯುದ್ಧವು 1950ರ ಜೂನ್ 25ರಂದು ಪ್ರಾರಂಭವಾಯಿತು. ಒಂದು ಕಡೆ ಉತ್ತರ ಕೊರಿಯಾ ಮತ್ತು ಚೀನಾ. ಇನ್ನೊಂದು ಕಡೆ ದಕ್ಷಿಣ ಕೊರಿಯಾ ಮತ್ತು ಅಮೆರಿಕದ ನಾಯಕತ್ವದಲ್ಲಿದ್ದ ವಿಶ್ವಸಂಸ್ಥೆಯ ಪಡೆ. 1951ರ ಜುಲೈನಲ್ಲಿಯೇ ಕದನವಿರಾಮದ ಮಾತುಕತೆ ಆರಂಭವಾಯಿತಾದರೂ ಒಪ್ಪಂದಕ್ಕೆ ಸಹಿ ಬಿದ್ದುದು 1953ರ ಜುಲೈ 27ರಂದು. ನಡುವಣ ಎರಡು ವರ್ಷಗಳಲ್ಲಿ ಗಡಿರೇಖೆ ಹೆಚ್ಚೇನೂ ಕದಲಲಿಲ್ಲ. ಸೈನಿಕರು ಮಾತ್ರ ಸಾಯುತ್ತಲೇ ಇದ್ದರು. ಕೊನೆಯ ವರ್ಷದ ವಿಳಂಬಕ್ಕೆ ಮುಖ್ಯ ಕಾರಣ ಒಂದೇ ಪ್ರಶ್ನೆ: ಸೆರೆಸಿಕ್ಕ ಸೈನಿಕನು ತನ್ನ ದೇಶಕ್ಕೆ ಹಿಂದಿರುಗಲು ಇಷ್ಟಪಡದಿದ್ದರೆ ಏನು ಮಾಡಬೇಕು?

1949ರ ಜಿನೀವಾ ಒಪ್ಪಂದದ 118ನೆಯ ವಿಧಿಯಂತೆ, ಹೋರಾಟ ನಿಂತೊಡನೆ ಕೈದಿಗಳನ್ನು ತಡಮಾಡದೆ ಬಿಡುಗಡೆಮಾಡಿ ಸ್ವದೇಶಕ್ಕೆ ಕಳುಹಿಸಬೇಕು. ಚೀನಾ ಮತ್ತು ಉತ್ತರ ಕೊರಿಯಾಗಳು ಇದನ್ನೇ ಹಿಡಿದು ನಿಂತವು. ಇತ್ತ 1952ರಲ್ಲಿ ವಿಶ್ವಸಂಸ್ಥೆಯ ಪಡೆಯು ತನ್ನ ಸೆರೆಯಲ್ಲಿದ್ದ ಸುಮಾರು 1,32,000 ಮಂದಿಯನ್ನು ವಿಚಾರಿಸತೊಡಗಿದಾಗ, ಹಿಂದಿರುಗುತ್ತೇವೆಂದವರು ಸುಮಾರು 70,000 ಮಂದಿಯೆಂದು ಮೊದಲ ಲೆಕ್ಕ ಬಂದಿತು. ಚೀನೀಯರಲ್ಲಿ ಅನೇಕರು ಹಿಂದೆ ಚಿಯಾಂಗ್ ಕೈ ಷೇಕನ ಸೇನೆಯಲ್ಲಿದ್ದವರು. ಕೊರಿಯನರಲ್ಲಿ ಕೆಲವರು ಉತ್ತರದ ಸೇನೆಗೆ ಬಲಾತ್ಕಾರವಾಗಿ ಸೇರಿಸಲ್ಪಟ್ಟ ದಕ್ಷಿಣದವರು. ಇಂಥವರನ್ನು ಕೈಕಟ್ಟಿ ಕಳುಹಿಸುವುದು ಧರ್ಮವೇ ಎಂದು ಅಮೆರಿಕ ಕೇಳಿತು. ಆದರೆ ಶಿಬಿರಗಳೊಳಗೆ ಎರಡು ಪಕ್ಷಗಳ ಪುಂಡರೂ ಇದ್ದರು. ಜೊತೆಯ ಕೈದಿಗಳನ್ನು ಹೊಡೆದು, ಮೈಮೇಲೆ ಘೋಷಣೆಗಳನ್ನು ಹಚ್ಚೆಹಾಕಿಸಿ, ಅವರ ಬಾಯಲ್ಲಿ ತಮ್ಮ ಮಾತನ್ನೇ ಆಡಿಸುತ್ತಿದ್ದರು. ಹಾಗಾದರೆ ಕೈದಿಯ ಬಾಯಿಂದ ಬಂದುದು ಅವನ ಮನಸ್ಸಿನ ಮಾತೆಂದು ಯಾರು ಹೇಳಬಲ್ಲರು?

ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಅಂತಹ ಉಪಾಯವನ್ನು ವಿಶ್ವಸಂಸ್ಥೆಯಲ್ಲಿ ಭಾರತದ ಪ್ರತಿನಿಧಿಯಾಗಿದ್ದ ವಿ. ಕೆ. ಕೃಷ್ಣಮೆನನ್ನರು ಸೂಚಿಸಿದರು. (ಇದೂ ಒಂದು ಕೃಷ್ಣಸಂಧಾನವೇ ಆಯಿತು!) ಹಿಂದಿರುಗೆಂದು ಬಲಾತ್ಕರಿಸಕೂಡದು, ಹಿಂದಿರುಗುವವನನ್ನು ತಡೆಯಲೂ ಕೂಡದು; ತಟಸ್ಥ ರಾಷ್ಟ್ರಗಳ ಆಯೋಗವೊಂದು ಕೈದಿಗಳನ್ನು ನೋಡಿಕೊಳ್ಳಲಿ ಎಂಬುದು ಅದರ ಸಾರ. 1952ರ ಡಿಸೆಂಬರ್ 3ರಂದು ಮಹಾಸಭೆಯು ಇದನ್ನು ಅಂಗೀಕರಿಸಿತು. ರಷ್ಯಾ, ಚೀನಾಗಳು ತಿರಸ್ಕರಿಸಿದವು. ಮುಂದೆ 1953ರ ಮಾರ್ಚ್‌ನಲ್ಲಿ ಸ್ಟಾಲಿನ್ ತೀರಿಕೊಂಡ ಮೇಲೆ ಗಾಳಿ ತಿರುಗಿತು. ಜೂನ್ 8ರ ಒಪ್ಪಂದಕ್ಕೆ ಬಹುಮಟ್ಟಿಗೆ ಇದೇ ತಳಹದಿಯಾಯಿತು. ತಿರಸ್ಕೃತವಾದ ಸಲಹೆಯೂ ಕಾಲ ಬಂದಾಗ ಕೆಲಸಕ್ಕೆ ಬರುತ್ತದೆಂಬುದನ್ನು ವಿದ್ಯಾರ್ಥಿಗಳು ಗಮನಿಸಬೇಕು.

ಆಯೋಗದಲ್ಲಿ ಸ್ವೀಡನ್, ಸ್ವಿಟ್ಜರ್ಲೆಂಡ್, ಪೋಲೆಂಡ್, ಚೆಕೊಸ್ಲೊವಾಕಿಯಾ ಮತ್ತು ಭಾರತಗಳಿದ್ದವು. ಮೊದಲ ಎರಡು ಒಂದು ಕಡೆಗೆ ವಾಲುವವು, ನಂತರದ ಎರಡು ಮತ್ತೊಂದು ಕಡೆಗೆ. ಆದುದರಿಂದ ನಿಜವಾದ ಭಾರವೆಲ್ಲ ಅಧ್ಯಕ್ಷ ಸ್ಥಾನದಲ್ಲಿದ್ದ ಭಾರತದ ಮೇಲೆ ಬಿದ್ದಿತು. 1906ರಲ್ಲಿ ಮಡಿಕೇರಿಯಲ್ಲಿ ಹುಟ್ಟಿದ ಕೆ. ಎಸ್. ತಿಮ್ಮಯ್ಯನವರು ಅದರ ಅಧ್ಯಕ್ಷರು. ಕಾವಲಿಗೆ ಹೋದ ಸುಮಾರು 6,000 ಭಾರತೀಯ ಯೋಧರ ನಾಯಕರು ಮೇಜರ್ ಜನರಲ್ ಥೋರಟ್. ದಕ್ಷಿಣ ಕೊರಿಯಾದ ಅಧ್ಯಕ್ಷ ಸಿಂಗ್‌ಮನ್ ರೀ ಭಾರತೀಯ ಸೈನಿಕರು ತನ್ನ ನೆಲವನ್ನು ಮೆಟ್ಟಕೂಡದೆಂದು ಹಟ ಹಿಡಿದನು. ಆದುದರಿಂದ ಅವರನ್ನು ಹಡಗುಗಳಿಂದಲೇ ಹೆಲಿಕಾಪ್ಟರುಗಳಲ್ಲಿ ಎತ್ತಿಕೊಂಡು ಹೋಗಿ ನಿಃಸೇನಾ ವಲಯದಲ್ಲಿ ಇಳಿಸಬೇಕಾಯಿತು. ಅಲ್ಲಿ ಅವರು ಕಟ್ಟಿಕೊಂಡ ಶಿಬಿರದ ಹೆಸರು ಹಿಂದ್‌ನಗರ.

ದಕ್ಷಿಣದ ಕಡೆಯಿಂದ ಸುಮಾರು 22,600, ಉತ್ತರದ ಕಡೆಯಿಂದ 359 ಕೈದಿಗಳು ಅವರ ವಶಕ್ಕೆ ಬಂದರು. ಪ್ರತಿಯೊಂದು ದೇಶವೂ ತನ್ನ ಕೈದಿಗಳಿಗೆ ವಿವರಣೆ ನೀಡಿ ಮನವೊಲಿಸಲು 90 ದಿನಗಳ ಅವಕಾಶವಿದ್ದಿತು. ವಿವರಣೆಯ ಡೇರೆಗೆ ಹೊರಹೋಗುವ ಬಾಗಿಲು ಎರಡು: ಒಂದರಿಂದ ಹೋದರೆ ಸ್ವದೇಶ, ಇನ್ನೊಂದರಿಂದ ಹೋದರೆ ಮರಳಿ ಶಿಬಿರ. ಇಷ್ಟು ಸರಳವಾದ ಏರ್ಪಾಡೂ ನೆಟ್ಟಗೆ ನಡೆಯಲಿಲ್ಲ. ಕೈದಿಗಳು ಡೇರೆಗೆ ಬರಲೊಪ್ಪಲಿಲ್ಲ, ಬಂದವರು ಕೂಗಾಡಿದರು. ಒಮ್ಮೆ ಭಾರತೀಯ ಅಧಿಕಾರಿಯೊಬ್ಬರನ್ನು ಕೈದಿಗಳು ಬೇಲಿಯೊಳಗೇ ಹಿಡಿದಿಟ್ಟುಕೊಂಡಾಗ ಥೋರಟ್ಟರು ತಾವೇ ಒಳಹೊಕ್ಕು ಅವರನ್ನು ಬಿಡಿಸಿ ತಂದರು. ಅಕ್ಟೋಬರ್ ಆರಂಭದ ಗಲಭೆಗಳಲ್ಲಿ ಕಾವಲಿನವರ ಗುಂಡಿಗೆ ಕೆಲವು ಕೈದಿಗಳು ಪ್ರಾಣ ಕಳೆದುಕೊಂಡರು. ಶಾಂತಿಗೆಂದು ಹೋದವರ ಕೈಗೂ ರಕ್ತ ಅಂಟಿತೆಂಬುದನ್ನು ಮರೆಮಾಚಿ ಈ ಚರಿತ್ರೆಯನ್ನು ಹೇಳುವುದು ಸರಿಯಲ್ಲ.

ಕೈದಿಗಳನ್ನು ಬಲದಿಂದ ಡೇರೆಗೆ ಎಳೆತರಬೇಕೆಂದು ಪೋಲೆಂಡ್ ಮತ್ತು ಚೆಕೊಸ್ಲೊವಾಕಿಯಾ, ಕೂಡದೆಂದು ಸ್ವಿಟ್ಜರ್ಲೆಂಡ್ ಮತ್ತು ಸ್ವೀಡನ್ ವಾದಿಸಿದವು. ತಿಮ್ಮಯ್ಯನವರು ಬಲಪ್ರಯೋಗಕ್ಕೆ ಒಪ್ಪಲಿಲ್ಲ. ಅವಧಿ ಮುಗಿದಾಗ ಮತ್ತೊಂದು ಗಂಟು ಎದುರಾಯಿತು. ಉಳಿದವರ ಭವಿಷ್ಯವನ್ನು ನಿರ್ಣಯಿಸಬೇಕಾಗಿದ್ದ ರಾಜಕೀಯ ಸಮ್ಮೇಳನವು ಸೇರಲೇ ಇಲ್ಲ. ಅದಿಲ್ಲದೆ ಅವರನ್ನು ಸ್ವತಂತ್ರ ನಾಗರಿಕರೆಂದು ಸಾರುವ ಅಧಿಕಾರ ತಮಗಿಲ್ಲ. ಗಡುವು ಮೀರಿ ಹಿಡಿದಿಡುವ ಅಧಿಕಾರವೂ ಇಲ್ಲ. 1954ರ ಜನವರಿಯಲ್ಲಿ ತಿಮ್ಮಯ್ಯನವರು ಕೈದಿಗಳನ್ನು ಮೊದಲು ಸೆರೆಹಿಡಿದಿದ್ದವರಿಗೇ ಒಪ್ಪಿಸಿಬಿಟ್ಟರು. ಎರಡು ಕಡೆಯವರೂ ಆಕ್ಷೇಪಿಸಿದರು. ನನಗಂತೂ ಇದು ಅವರ ನಿಷ್ಪಕ್ಷಪಾತಕ್ಕೆ ದೊರೆತ ಪ್ರಮಾಣಪತ್ರವೆಂದೇ ತೋರುತ್ತದೆ.

ದಕ್ಷಿಣದಿಂದ ಬಂದಿದ್ದ ಅಷ್ಟು ಮಂದಿಯಲ್ಲಿ ಮನಸ್ಸು ಬದಲಿಸಿ ಸ್ವದೇಶಕ್ಕೆ ಹೋದವರು ಸುಮಾರು 600 ಮಂದಿ ಮಾತ್ರ. ಅತ್ತ 21 ಮಂದಿ ಅಮೆರಿಕನರು ತಮ್ಮ ದೇಶಕ್ಕೆ ಹೋಗದೆ ಚೀನಾದಲ್ಲಿ ಉಳಿದರು. ಇತ್ತ 88 ಮಂದಿ ಎರಡು ಪಕ್ಷಗಳನ್ನೂ ಬೇಡವೆಂದು, ಯಾವುದಾದರೂ ತಟಸ್ಥ ದೇಶಕ್ಕೆ ಕಳುಹಿಸಿರೆಂದು ಕೇಳಿಕೊಂಡರು. ಭಾರತೀಯ ಸೈನಿಕರೊಡನೆ ಹಡಗು ಹತ್ತಿದ ಅವರು 1954ರ ಫೆಬ್ರವರಿಯಲ್ಲಿ ಇಳಿದದ್ದು ನಮ್ಮ ಈ ಮದರಾಸಿನ ಬಂದರಿನಲ್ಲಿ. ಭಾಷೆ ಬಾರದ, ಬಂಧುಗಳಿಲ್ಲದ ನೆಲದಲ್ಲಿ ಅವರು ಕಾಲಿಟ್ಟ ಆ ಬೆಳಗನ್ನು, ಪರಭಾಷೆಯ ನಗರದಲ್ಲಿ ಕನ್ನಡ ಓದುತ್ತಿರುವ ನೀವು ಸ್ವಲ್ಪಮಟ್ಟಿಗೆ ಊಹಿಸಿಕೊಳ್ಳಬಲ್ಲಿರಿ. ಮುಂದೆ ಅವರಲ್ಲಿ ಬಹುಮಂದಿ ಬ್ರೆಜಿಲ್, ಅರ್ಜೆಂಟೀನಾಗಳಿಗೆ ಹೊರಟುಹೋದರು. ಕೆಲವರು ಭಾರತದಲ್ಲಿಯೇ ನೆಲೆಸಿದರು.

ಇಷ್ಟಾದರೂ ಕೊರಿಯಾದಲ್ಲಿ ಶಾಂತಿ ಒಪ್ಪಂದ ಇನ್ನೂ ಆಗಿಲ್ಲ. 1953ರ ಕದನವಿರಾಮವೇ ನಡೆದುಬಂದಿದೆ. ಅಂದಿನಿಂದ ಜಗತ್ತು ಬಹಳ ಬದಲಾಗಿದೆ. ಈಗ ದೇಶದೊಳಗಿನ ಕಲಹಗಳೇ ಹೆಚ್ಚು. ಸೇನೆಗಳ ನಾಯಕರೊಡನೆ ಮಾತನಾಡುವುದಿರಲಿ, ನಾಯಕರು ಯಾರೆಂದು ಗುರುತಿಸುವುದೇ ಕೆಲವೆಡೆ ಕಷ್ಟ.

ತಿಮ್ಮಯ್ಯನವರು 1957ರಿಂದ 1961ರವರೆಗೆ ಭಾರತದ ಭೂಸೇನೆಯ ಮುಖ್ಯಸ್ಥರಾಗಿದ್ದರು. ನಿವೃತ್ತರಾದ ಮೇಲೆ ಗ್ರೀಕರೂ ತುರ್ಕರೂ ಕಾದಾಡುತ್ತಿದ್ದ ಸೈಪ್ರಸ್ ದ್ವೀಪದಲ್ಲಿ ವಿಶ್ವಸಂಸ್ಥೆಯ ಶಾಂತಿಪಡೆಯ ನಾಯಕತ್ವವನ್ನು 1964ರಲ್ಲಿ ವಹಿಸಿಕೊಂಡರು. ಕರ್ತವ್ಯದಲ್ಲಿರುವಾಗಲೇ 1965ರ ಡಿಸೆಂಬರ್ 18ರಂದು ಅಲ್ಲಿ ನಿಧನರಾದರು. ಮರುವರ್ಷ ಸೈಪ್ರಸ್ ಸರ್ಕಾರವು ಅವರ ಸ್ಮರಣಾರ್ಥ ಅಂಚೆಚೀಟಿಯನ್ನು ಹೊರಡಿಸಿತು. ಅವರು ನಡೆಸಿದ ಆ ಶಾಂತಿಪಡೆ ಇಂದಿಗೂ ಆ ದ್ವೀಪದಲ್ಲಿ ಎರಡು ಜನಾಂಗಗಳ ನಡುವೆ ಕಾವಲು ನಿಂತಿದೆ.