ಚಿಪ್ಪಿನೊಳಗಿನ ವಂಶಲಿಪಿ

ಕಡಲಂಚಿನ ಬಂಡೆಗಳಿಗೂ ದೋಣಿಗಳ ತಳಕ್ಕೂ ಬಿಗಿಯಾಗಿ ಅಂಟಿಕೊಂಡಿರುವ, ಪುಟ್ಟ ಗುಡ್ಡದಾಕಾರದ ಬಿಳಿಯ ಚಿಪ್ಪುಗಳನ್ನು ನೀವು ನೋಡಿರಬಹುದು. ಅವುಗಳೊಳಗೆ ವಾಸಿಸುವ ಬೆನ್ನೆಲುಬಿಲ್ಲದ ಪ್ರಾಣಿಗೆ ಬಾರ್ನಕಲ್ ಎಂದು ಹೆಸರು. ಇದು ಯಾರ ಬಂಧು? ಫ್ರಾನ್ಸಿನ ಕ್ಯುವಿಯೇ ಮೊದಲಾದ ಪಂಡಿತರು ಇದನ್ನು ಶಂಖ ಸಿಂಪಿಗಳ ಬಳಗಕ್ಕೆ ಸೇರಿಸಿದ್ದರು.

1826ರಲ್ಲಿ ಐರ್ಲೆಂಡಿನ ಕಾರ್ಕ್ ಎಂಬಲ್ಲಿ ಸೇನಾವೈದ್ಯರಾಗಿದ್ದ ಜಾನ್ ವಾನ್ ಥಾಮ್ಸನ್ನರು, ಸಮುದ್ರದಲ್ಲಿ ಈಜುತ್ತಿದ್ದ ಸೂಕ್ಷ್ಮ ಮರಿಗಳನ್ನು ಹಿಡಿದು ಇರಿಸಿಕೊಂಡರು. ಸೀಗಡಿಗಿರುವಂತೆ ಕೀಲುಗಾಲುಗಳಿದ್ದ ಆ ಮರಿಗಳು ಒಂದೆಡೆ ಅಂಟಿಕೊಂಡು ಬಾರ್ನಕಲ್‌ಗಳಾಗಿ ಮಾರ್ಪಟ್ಟವು! 1830ರಲ್ಲಿ ಅವರು ಇದನ್ನು ಪ್ರಕಟಿಸಿದರು. ಬಾರ್ನಕಲ್ ಏಡಿ ಸೀಗಡಿಗಳ ಬಂಧುವೆಂದು ಹೀಗೆ ತಿಳಿಯಿತು.

ಇಂದು ಇಂತಹ ನಿರ್ಣಯಕ್ಕೆ ಇನ್ನೊಂದು ಸಾಕ್ಷಿಯುಂಟು. ಅದೇ ಜೀವಕೋಶಗಳಲ್ಲಿರುವ ಡಿ.ಎನ್.ಎ. ಎಂಬ ವಸ್ತು. ಇದನ್ನು ನಾಲ್ಕೇ ಅಕ್ಷರಗಳ ಲಿಪಿಯೆನ್ನಬಹುದು. ಹಿಂದೆ ಓಲೆಗರಿಯ ಗ್ರಂಥಗಳನ್ನು ಪ್ರತಿ ಮಾಡುವಾಗ ಲಿಪಿಕಾರನೊಬ್ಬನು ಒಂದಕ್ಷರ ತಪ್ಪಿದರೆ, ಅವನ ಪ್ರತಿಯಿಂದ ಇಳಿದ ಪ್ರತಿಗಳಲ್ಲೆಲ್ಲ ಆ ತಪ್ಪೇ ಉಳಿಯುತ್ತಿತ್ತು. ಒಂದೇ ಬಗೆಯ ತಪ್ಪುಗಳುಳ್ಳ ಪ್ರತಿಗಳು ಒಂದೇ ಮೂಲದವೆಂದು ವಿದ್ವಾಂಸರು ಊಹಿಸುತ್ತಾರೆ. ಡಿ.ಎನ್.ಎ.ಯೂ ತಲೆಮಾರಿನಿಂದ ತಲೆಮಾರಿಗೆ ನಕಲಾಗುವಾಗ ಅಲ್ಲಲ್ಲಿ ಅಕ್ಷರಗಳು ಬದಲಾಗುತ್ತವೆ. ಸಮಾನವಾದ ಬದಲಾವಣೆಗಳನ್ನು ಹೋಲಿಸಿ ಪ್ರಾಣಿಗಳ ವಂಶವೃಕ್ಷವನ್ನು ರಚಿಸುತ್ತಾರೆ. ಈ ಪರೀಕ್ಷೆಯೂ ಥಾಮ್ಸನ್ನರ ನಿರ್ಣಯವನ್ನೇ ಸಮರ್ಥಿಸಿದೆ.

ಇದೇ ಲಿಪಿಯು ಮರೆಯಾಗಿದ್ದ ವೈವಿಧ್ಯವನ್ನೂ ತೋರಿಸಿಕೊಡುತ್ತದೆ. 1758ರಲ್ಲಿ ಲಿನೇಯಸನು ಹೆಸರಿಟ್ಟ ಚಂದ್ರ ಜೆಲ್ಲಿಮೀನು ಹಲವು ಸಮುದ್ರಗಳಲ್ಲಿ ಹಬ್ಬಿರುವ ಒಂದೇ ಪ್ರಭೇದವೆಂದು ಬಹುಕಾಲ ತಿಳಿಯಲಾಗಿತ್ತು. 2001ರಲ್ಲಿ ಡಾಸನ್ ಮತ್ತು ಜೇಕಬ್ಸ್ ಎಂಬ ವಿಜ್ಞಾನಿಗಳು ಬೇರೆ ಬೇರೆ ಕಡಲುಗಳ ಜೆಲ್ಲಿಮೀನುಗಳ ಡಿ.ಎನ್.ಎ.ಯನ್ನು ಹೋಲಿಸಲಾಗಿ, ಆ ಒಂದೇ ಹೆಸರಿನಲ್ಲಿ ಹಲವು ಪ್ರಭೇದಗಳು ಅಡಗಿದ್ದುವೆಂದು ಕಂಡುಬಂದಿತು.

ಇದರಿಂದ ಪ್ರಯೋಜನವೇನೆಂದು ಕೇಳಬಹುದು. ಹಲವನ್ನು ಒಂದೆಂದು ಎಣಿಸಿದರೆ, ಅವುಗಳಲ್ಲೊಂದು ಅಳಿದುಹೋದರೂ ನಮಗೆ ಅರಿವಾಗದು. ಇರುವುದನ್ನು ಸರಿಯಾಗಿ ಎಣಿಸಿದವನೇ ಅದನ್ನು ಕಾಪಾಡಬಲ್ಲನು.

ವಿದ್ಯಾರ್ಥಿಗಳೇ, ಥಾಮ್ಸನ್ನರ ಬಳಿ ಡಿ.ಎನ್.ಎ. ಪರೀಕ್ಷೆಯ ಸಾಧನಗಳಿರಲಿಲ್ಲ, ತಾಳ್ಮೆಯಿತ್ತು. ಹೊರರೂಪವನ್ನು ಕಂಡೊಡನೆ ತೀರ್ಪು ಕೊಡದೆ, ಮರಿಯು ಬೆಳೆಯುವ ತನಕ ಕಾದು ನೋಡಿದ್ದರಿಂದಲೇ ಅವರಿಗೆ ಸತ್ಯವು ಗೋಚರಿಸಿತು.

ಅಭ್ಯಾಸ: ಬಾರ್ನಕಲ್ಲಿಗೂ ಸಿಂಪಿಗೂ ಚಿಪ್ಪಿದ್ದರೂ ಅವು ಹತ್ತಿರದ ಬಂಧುಗಳಲ್ಲ, ಏಕೆ? ಓಲೆಗರಿಯ ಉದಾಹರಣೆಯೊಡನೆ ನಿಮ್ಮ ಮನೆಯವರಿಗೆ ವಿವರಿಸಿರಿ.